ಪಿಕಪ್ಪಿನ ಸಾಮಾನಿಗೆ ಹಗ್ಗ ಸಾಕು, ಆಳು ಬೇಡ

ಬೆಳಗ್ಗೆ ಎಂಟು ಗಂಟೆಗೆ ನಮ್ಮ ಕಡೆಯ ಯಾವುದೇ ಪೇಟೆ ಮಾರ್ಗದ ಬದಿಯಲ್ಲಿ ಅರ್ಧ ಗಂಟೆ ನಿಂತು ನೋಡಿ. ಕೃಷಿಕರ ಸಾಮಾನು ಹೇಗೆ ಸಾಗುತ್ತದೆ ಅಂತ ಗೊತ್ತಾಗುತ್ತದೆ. ಎರಡು ಗೋಣಿ ಅಡಿಕೆ, ನಾಲ್ಕು ಬಾಳೆಗೊನೆ, ರಿಪೇರಿಗೆ ಹೊರಟ ಒಂದು ಪಂಪು, ಖಾಲಿಯಾದ ಗ್ಯಾಸ್ ಸಿಲಿಂಡರು. ಇಷ್ಟೇ ಸಾಮಾನು. ಪಿಕಪ್ಪಿನ ಬಾಡಿಯಲ್ಲಿ ಮುಕ್ಕಾಲು ಪಾಲು ಜಾಗ ಖಾಲಿ. ಹಗ್ಗ ಕಟ್ಟಿರುವುದಿಲ್ಲ. ಹಗ್ಗ ಇದ್ದರೂ ಒಂದು ಮೂಲೆಯಲ್ಲಿ ಸುರುಳಿ ಬಿದ್ದುಕೊಂಡಿರುತ್ತದೆ. ಅದರ ಬದಲಿಗೆ ಗೋಣಿಯ ಮೇಲೆ ಒಬ್ಬ ಆಳು ಕೂತಿರುತ್ತಾನೆ. ಒಂದು ಕೈಯಲ್ಲಿ ಸಿಲಿಂಡರು, ಕಾಲಲ್ಲಿ ಬಾಳೆಗೊನೆ, ಇನ್ನೊಂದು ಕೈಯಲ್ಲಿ ಬಾಡಿಯ ಸರಳು.

ನಾವು ಯಾರೂ ಇದನ್ನು ವಿಚಿತ್ರ ಅಂದುಕೊಳ್ಳುವುದಿಲ್ಲ. 'ಸಾಮಾನು ಸ್ವಲ್ಪವೇ ಇರುವುದು, ನೀನು ಹಿಂದೆ ಕೂತು ಹಿಡಿದುಕೋ' ಅನ್ನುತ್ತೇವೆ. ಹಗ್ಗ ಮಾಡಬೇಕಾದ ಕೆಲಸವನ್ನು ಮನುಷ್ಯನಿಗೆ ವಹಿಸುತ್ತೇವೆ. ಇದು ನಿಲ್ಲಬೇಕು ಎಂಬುದು ಈ ಬರಹದ ಒಂದೇ ಮಾತು. ಇದಕ್ಕೆ ಹೆಚ್ಚು ದುಡ್ಡು ಬೇಡ. ಎರಡು-ಮೂರು ಕಿಲೋ ಅಡಿಕೆಯ ಬೆಲೆ ಸಾಕು. ಬೇಕಾದ್ದರಲ್ಲಿ ಅರ್ಧ ವಸ್ತು ನಮ್ಮ ಹಟ್ಟಿ, ಅಂಗಳದಲ್ಲೇ ಬಿದ್ದಿವೆ.

ಅರ್ಧ ಖಾಲಿ ಬಾಡಿಯೇ ಹೆಚ್ಚು ಅಪಾಯ

2005ರಲ್ಲಿ ಟಾಟಾ ಏಸ್ ಬಂದ ಮೇಲೆ ಹಳ್ಳಿಯ ಸಾಗಾಟದ ರೀತಿಯೇ ಬದಲಾಯಿತು. ಅದಕ್ಕೂ ಮುಂಚೆ ಜೀಪು, ಟೆಂಪೊ, ಬಸ್ಸಿನ ಟಾಪು. ಲಾರಿ ಬರಬೇಕಾದರೆ ನಾಲ್ಕು ಮನೆಯವರು ಸೇರಿ ಲೋಡು ಮಾಡಬೇಕಿತ್ತು. ಈಗ ಫೋನು ಮಾಡಿದರೆ ಮನೆಯ ಅಂಗಳಕ್ಕೆ ಚಿಕ್ಕ ಗಾಡಿ ಬರುತ್ತದೆ. ಒಳ್ಳೆಯದೇ. ಆದರೆ ಇದರಿಂದ ಒಂದು ಹೊಸ ತೊಂದರೆ ಬಂತು. ಮೊದಲು ಲೋಡು ಅಂದರೆ ತುಂಬಿದ ಲೋಡು. ಈಗ ಹೆಚ್ಚಿನ ದಿನ ಚೂರುಪಾರು ಸಾಮಾನು.

ಪೂರ್ತಿ ತುಂಬಿದ ಬಾಡಿಯಲ್ಲಿ ಗೋಣಿಗೆ ಗೋಣಿಯೇ ಆಸರೆ. ಮುಂದಿನದ್ದು ಹಿಂದಿನದ್ದನ್ನು ತಡೆಯುತ್ತದೆ, ಬದಿಯ ಹಲಗೆ ಎಲ್ಲವನ್ನೂ ಒತ್ತಿ ಹಿಡಿಯುತ್ತದೆ. ಎರಡೇ ಗೋಣಿ ಇದ್ದಾಗ ಅದಕ್ಕೆ ಆಸರೆ ಯಾರು? ತಿರುವಿನಲ್ಲಿ ಬದಿಗೆ ಜಾರುತ್ತದೆ. ಬ್ರೇಕು ಹಾಕಿದಾಗ ಮುಂದಕ್ಕೆ ಓಡುತ್ತದೆ. ಏರಿನಲ್ಲಿ ಹಿಂದಿನ ಬಾಗಿಲಿಗೆ ಹೋಗಿ ಗುದ್ದುತ್ತದೆ. ಆ ಬಾಗಿಲಿನ ಕೊಂಡಿ ಸವೆದಿದ್ದರೆ ಮುಂದಿನ ಕತೆ ಹೇಳಬೇಕಾಗಿಲ್ಲ. ಹಿಂದೆ ಬೈಕಿನಲ್ಲಿ ಬರುವವನು ಮಗುವನ್ನು ಶಾಲೆಗೆ ಬಿಡಲು ಹೊರಟವನಾಗಿರಬಹುದು. ಅವನ ಮುಂದೆ ಒಂದು ತೆಂಗಿನಕಾಯಿ ಉರುಳಿದರೂ ಸಾಕು.

ಆದ್ದರಿಂದ 'ಸ್ವಲ್ಪವೇ ಸಾಮಾನು, ಕಟ್ಟುವುದೆಂತ' ಎಂಬ ಮಾತು ತಲೆಕೆಳಗು. ಸ್ವಲ್ಪ ಇದ್ದಾಗಲೇ ಕಟ್ಟಬೇಕು.

ಭಾರದ್ದು ಅಲ್ಲಾಡುವುದಿಲ್ಲವೇ?

ಇನ್ನೊಂದು ನಂಬಿಕೆ ಉಂಟು. 'ಅದು ಭಾರ ಉಂಟು ಮಾರಾಯ, ಎಲ್ಲಿಗೂ ಹೋಗುವುದಿಲ್ಲ.' ನಿಂತ ಗಾಡಿಯಲ್ಲಿ ಇದು ಸರಿ. ಓಡುವ ಗಾಡಿಯಲ್ಲಿ ತಪ್ಪು.

ಸಣ್ಣ ಲೆಕ್ಕ ಮಾಡೋಣ. ಲಾರಿಗಳಿಗೆ ಸರಕು ಕಟ್ಟುವ ಬಗ್ಗೆ ಯುರೋಪಿನಲ್ಲಿ ಒಂದು ಅಳತೆ ಇಟ್ಟುಕೊಂಡಿದ್ದಾರೆ. ಜೋರು ಬ್ರೇಕಿನಲ್ಲಿ ಸಾಮಾನು ತನ್ನ ತೂಕದ ಹತ್ತರಲ್ಲಿ ಎಂಟು ಪಾಲು ಬಲದಿಂದ ಮುಂದಕ್ಕೆ ನುಗ್ಗುತ್ತದೆ, ತಿರುವಿನಲ್ಲಿ ಅರ್ಧ ಪಾಲು ಬಲದಿಂದ ಬದಿಗೆ ಜಾರುತ್ತದೆ, ಅಷ್ಟನ್ನು ತಡೆಯುವಂತೆ ಕಟ್ಟಬೇಕು ಅಂತ. ರಸ್ತೆ ನಮ್ಮದಾದರೂ ಬ್ರೇಕಿನ ಗುಣ ಒಂದೇ. ಅಂದರೆ 50 ಕಿಲೋ ಗೋಣಿ 40 ಕಿಲೋ ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಬಾಡಿಯ ತಗಡಿನ ಮೇಲೆ ಗೋಣಿಯ ಹಿಡಿತ ತೂಕದ ಹತ್ತರಲ್ಲಿ ಮೂರು ಪಾಲು ಅಂತ ಇಟ್ಟುಕೊಳ್ಳಿ. ಅದು 15 ಕಿಲೋ ಬಲವನ್ನು ತಡೆಯುತ್ತದೆ. ಉಳಿದ 25 ಕಿಲೋ ಬಲವನ್ನು ಯಾರಾದರೂ ತಡೆಯಬೇಕು. ಮಳೆಗಾಲದಲ್ಲಿ ತಗಡು ಒದ್ದೆಯಾಗಿ, ಮೇಲೆ ಸ್ವಲ್ಪ ಕೆಸರೂ ಇದ್ದರೆ ಹಿಡಿತ ಇನ್ನೂ ಕಡಿಮೆ.

ಗೋಣಿ 50ರ ಬದಲು 100 ಕಿಲೋ ಆದರೆ? ಹಿಡಿತವೂ ಇಮ್ಮಡಿ, ನುಗ್ಗುವ ಬಲವೂ ಇಮ್ಮಡಿ. ತಡೆಯಬೇಕಾದ ಬಲ 25ರಿಂದ 50ಕ್ಕೆ ಏರಿತು. ಭಾರದ ಸಾಮಾನು ಜಾರುವುದಿಲ್ಲ ಎಂಬುದು ಸುಳ್ಳು. ಅದು ಹಗುರದ್ದರ ಹಾಗೆಯೇ ಜಾರುತ್ತದೆ, ಜಾರಿದ ಮೇಲೆ ಹೆಚ್ಚು ಹಾಳು ಮಾಡುತ್ತದೆ.

ಕೂತವನ ಲೆಕ್ಕ

ಈಗ ಗೋಣಿಯ ಮೇಲೆ ಕೂತವನ ಲೆಕ್ಕ. ಅವನ ತೂಕ 60 ಕಿಲೋ ಅಂದರೆ ಜೋರು ಬ್ರೇಕಿನಲ್ಲಿ ಅವನ ಮೈಯೇ 48 ಕಿಲೋ ಬಲದಿಂದ ಮುಂದಕ್ಕೆ ಹೋಗುತ್ತದೆ. ಅವನಿಗೆ ತನ್ನನ್ನು ಹಿಡಿದುಕೊಳ್ಳಲಿಕ್ಕೇ ಎರಡು ಕೈ ಸಾಲದು. ಅಂಥವನು ತುಂಬಿದ ಸಿಲಿಂಡರನ್ನು ಹಿಡಿಯುವುದು ಹೇಗೆ? ಗೃಹಬಳಕೆಯ ಸಿಲಿಂಡರಿನಲ್ಲಿ ಗ್ಯಾಸು 14.2 ಕಿಲೋ. ಕಬ್ಬಿಣದ ತೂಕವೂ ಸೇರಿದರೆ ಮೂವತ್ತು ಕಿಲೋ ಹತ್ತಿರ. ಅವನು ಅಲ್ಲಿರುವುದು ಸಾಮಾನಿಗೆ ಭದ್ರತೆ ಅಲ್ಲ. ಕಟ್ಟದ ಸಾಮಾನು ಒಂದು ಹೆಚ್ಚಾಯಿತು, ಅಷ್ಟೆ.

ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವಾಗ ಎಲ್ಲಿಗಾದರೂ ಗುದ್ದುವುದು ಎಂದರೆ ಸುಮಾರು 20 ಅಡಿ ಎತ್ತರದಿಂದ ನೆಲಕ್ಕೆ ಬಿದ್ದ ಹಾಗೆ. ಅಡಿಕೆ ಮರ ಹತ್ತುವವರಿಗೆ ಈ ಎತ್ತರ ಎಷ್ಟೆಂದು ಬೇರೆ ವಿವರಿಸಬೇಕಾಗಿಲ್ಲ. ಮರ ಹತ್ತುವವನಿಗೆ ಕಾಲಿಗೆ ತಳೆ ಉಂಟು, ಕೈಯಲ್ಲಿ ಮರ ಉಂಟು. ಪಿಕಪ್ಪಿನ ಹಿಂದೆ ಕೂತವನಿಗೆ ಎಂತ ಉಂಟು?

2025ರ ಜನವರಿ 22ರ ಬೆಳಗಿನ ಜಾವ ಯಲ್ಲಾಪುರ ತಾಲೂಕಿನ ಅರಬೈಲ್ ಘಟ್ಟದ ಬಳಿ ಆದ ದುರಂತ ನೆನಪಿರಬಹುದು. ಸವಣೂರಿನ ಕಡೆಯಿಂದ ಹಣ್ಣು-ತರಕಾರಿ ಹೇರಿಕೊಂಡು ಕುಮಟಾ ಸಂತೆಗೆ ಹೊರಟಿದ್ದ ಲಾರಿ ಕಣಿವೆಗೆ ಉರುಳಿ ಹತ್ತು ಮಂದಿ ತೀರಿಹೋದರು. ಎಲ್ಲ ಸಂತೆ ವ್ಯಾಪಾರ ಮಾಡಿ ಬದುಕುವವರು. ಅಲ್ಲಿ ಲಾರಿ ಉರುಳಿದ್ದಕ್ಕೆ ಹಗ್ಗ ಕಾರಣ ಎಂದು ನಾನು ಹೇಳುತ್ತಿಲ್ಲ. ಸರಕಿನ ಜೊತೆ ಜನರೂ ಸರಕಿನ ಹಾಗೆ ಪ್ರಯಾಣ ಮಾಡುವುದು ನಮ್ಮಲ್ಲಿ ಎಷ್ಟು ಸಹಜವಾಗಿದೆ, ಗಾಡಿಗೆ ಏನಾದರೂ ಆದಾಗ ಅದರ ಬೆಲೆ ಎಷ್ಟು ಎಂಬುದಕ್ಕೆ ಅದನ್ನು ನೆನಪಿಸಿದೆ.

ಕಾನೂನಿನ ಕಡೆಯನ್ನೂ ತಿಳಿದಿರುವುದು ಒಳ್ಳೆಯದು. ಸರಕು ಗಾಡಿಯಲ್ಲಿ ಬಿಟ್ಟಿಯಾಗಿ ಕೂತು ಹೋದವರಿಗೆ ಪೆಟ್ಟಾದರೆ ವಿಮಾ ಕಂಪೆನಿ ಹೊಣೆಯಲ್ಲ ಅಂತ ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. 1994ರ ತಿದ್ದುಪಡಿಯ ಪ್ರಕಾರ ಸಾಮಾನಿನ ಯಜಮಾನ ಅಥವಾ ಅವನ ಅಧಿಕೃತ ಪ್ರತಿನಿಧಿ ಜೊತೆಗೆ ಹೋದರೆ ವಿಮೆಯ ಆಸರೆ ಉಂಟು. ಆದರೆ ಅವನು ಕ್ಯಾಬಿನ್ನಿನಲ್ಲಿ ಕೂತಿರಬೇಕು, ಸಾಮಾನಿನ ಮೇಲಲ್ಲ ಎಂಬ ಅರ್ಥದ ತೀರ್ಪೂ ಬಂದಿದೆ. ಅಂದರೆ ಹಿಂದೆ ಕೂತ ಆಳಿಗೆ ಕಾಲು ಮುರಿದರೆ ಅವನ ಮನೆಯವರು ಕೋರ್ಟು ಅಲೆಯಬೇಕು. ಗಾಡಿಯವನೂ ಅಲೆಯಬೇಕು. ಕಳಿಸಿದ ನಾವೂ ಅವನ ಮುಖ ನೋಡಲಾಗದೆ ಅಲೆಯಬೇಕು. ಇಷ್ಟೆಲ್ಲ ಆಗುವುದು ಒಂದು ಮಾರು ಹಗ್ಗ ಕಟ್ಟಲು ಉದಾಸೀನ ಮಾಡಿದ್ದಕ್ಕೆ.

ಮೊದಲು ಇಡುವುದು, ಆಮೇಲೆ ಕಟ್ಟುವುದು

ಹಗ್ಗಕ್ಕಿಂತ ಮುಂಚಿನ ಕೆಲಸ ಸಾಮಾನು ಇಡುವ ಕ್ರಮ. ಸರಿಯಾಗಿ ಇಟ್ಟರೆ ಅರ್ಧ ಕಟ್ಟಿದಂತೆಯೇ.

ಭಾರದ್ದು ಅಡಿಗೆ, ಕ್ಯಾಬಿನ್ನಿನ ಹಿಂದಿನ ಗೋಡೆಗೆ ತಾಗಿಸಿ. ಮಧ್ಯೆ ಒಂದು ಅಡಿ ಖಾಲಿ ಬಿಟ್ಟರೆ ಬ್ರೇಕಿನಲ್ಲಿ ಸಾಮಾನು ಅಷ್ಟು ದೂರ ಓಡಿ ಬಂದು ಗುದ್ದುತ್ತದೆ. ತಾಗಿಕೊಂಡೇ ಇದ್ದರೆ ಮುಂದೆ ಹೋಗಲು ಜಾಗವೇ ಇಲ್ಲ. ಇಳಿಸಲು ಸುಲಭ ಅಂತ ಹಿಂದಿನ ಬಾಗಿಲ ಹತ್ತಿರ ಭಾರ ಇಡುವ ಕ್ರಮ ನಮ್ಮಲ್ಲಿ ತುಂಬ ಉಂಟು. ಇದು ತಪ್ಪು. ಹಿಂದಿನ ಚಕ್ರದಿಂದಾಚೆ ಭಾರ ಬಿದ್ದರೆ ಮುಂದಿನ ಚಕ್ರ ಹಗುರಾಗುತ್ತದೆ. ನಮ್ಮ ತೋಟದ ರಸ್ತೆಗಳ ಏರಿನಲ್ಲಿ ಸ್ಟೇರಿಂಗಿನ ಹಿಡಿತ ತಪ್ಪಲು ಅಷ್ಟು ಸಾಕು.

ಎರಡನೆಯದು ಹಟ್ಟಿಯ ರಬ್ಬರು ಮ್ಯಾಟು. ದನಗಳಿಗೆ ಹಾಕಿದ ಮ್ಯಾಟು ನಾಲ್ಕಾರು ವರ್ಷಕ್ಕೆ ಹರಿಯುತ್ತದೆ. ಹರಿದದ್ದನ್ನು ಎಸೆಯಬೇಡಿ. ತೊಳೆದು, ಒಣಗಿಸಿ, ಮೂರಡಿ ಅಗಲದ ತುಂಡು ಮಾಡಿ ಇಟ್ಟುಕೊಳ್ಳಿ. ಅದನ್ನು ಬಾಡಿಗೆ ಹಾಸಿ ಮೇಲೆ ಗೋಣಿ ಇಡಿ. ರಬ್ಬರಿನ ಮೇಲೆ ಹಿಡಿತ ಸುಮಾರು ಇಮ್ಮಡಿಯಾಗುತ್ತದೆ. ಮೊದಲಿನ ಲೆಕ್ಕದಲ್ಲಿ ಹಿಡಿತ 15 ಕಿಲೋ ಇದ್ದದ್ದು 30 ಆಯಿತು. ಹೊರಗಿನಿಂದ ತಡೆಯಬೇಕಾದ್ದು 25ರಿಂದ 10ಕ್ಕೆ ಇಳಿಯಿತು. ತಿರುವಿನಲ್ಲಂತೂ 25 ಕಿಲೋ ಬಲ ಬಂದರೆ 30 ಕಿಲೋ ಹಿಡಿತ. ಒಂದು ರೂಪಾಯಿ ಖರ್ಚಿಲ್ಲದೆ ಇಷ್ಟು ಲಾಭ. ಆದರೆ ಮ್ಯಾಟು ಹಾಕಿದ್ದೇವೆ ಅಂತ ಕಟ್ಟದೆ ಬಿಡಬೇಡಿ. ಹೊಂಡಕ್ಕೆ ಬಿದ್ದು ಗಾಡಿ ಕುಪ್ಪಳಿಸುವಾಗ ಸಾಮಾನು ಮೇಲೆದ್ದರೆ ಯಾವ ಮ್ಯಾಟೂ ಹಿಡಿಯುವುದಿಲ್ಲ.

ಮೂರನೆಯದು ಸಂದು ತುಂಬುವ ಗೋಣಿ. ಹಳೆಯ ಗೋಣಿಗೆ ಒಣ ತೆಂಗಿನ ಸಿಪ್ಪೆ ತುಂಬಿ ಬಾಯಿ ಹೊಲಿಯಿರಿ. ಇಂಥ ನಾಲ್ಕು ಗೋಣಿ ಮನೆಯಲ್ಲಿರಲಿ. ಹಗುರ, ಮೆತ್ತಗೆ, ಎಲ್ಲಿ ಬೇಕಾದರೂ ತುರುಕಬಹುದು. ಪಂಪಿಗೂ ಬಾಡಿಯ ಬದಿಗೂ ನಡುವೆ ಒಂದು, ಸಿಲಿಂಡರಿಗೂ ಗೋಣಿಗೂ ನಡುವೆ ಒಂದು. ಖಾಲಿ ಜಾಗ ಉಳಿಯದಿದ್ದರೆ ಜಾರುವ ಪ್ರಶ್ನೆಯೇ ಇಲ್ಲ. ಬಾಳೆಗೊನೆ, ತರಕಾರಿ ಬುಟ್ಟಿಗೆ ಬಾಳೆಯ ಒಣ ಎಲೆ, ಸೋಗೆ ಕೂಡ ಇದೇ ಕೆಲಸ ಮಾಡುತ್ತದೆ.

ನಾಲ್ಕನೆಯದು ಅಡಿಕೆ ಸಲಾಕೆ. ಬಾಡಿಯ ಒಳಗಿನ ಅಗಲಕ್ಕೆ ಸರಿಯಾಗಿ ಕೊಯ್ದ ಒಂದು ಗಟ್ಟಿ ಸಲಾಕೆ ಅಥವಾ ಬಿದಿರು. ಮುಂದೆ ಇಟ್ಟ ಸಾಮಾನಿನ ಹಿಂಬದಿಗೆ ಅಡ್ಡಲಾಗಿ ಇಟ್ಟು, ಎರಡೂ ತುದಿಗೆ ಹಗ್ಗ ಹಾಕಿ, ಬದಿಯ ಹಲಗೆಯ ಮೇಲಿಂದ ಹೊರಗಿನ ಕೊಕ್ಕೆಗಳಿಗೆ ಮುಂದಕ್ಕೆ ಎಳೆದು ಬಿಗಿಯಿರಿ. ಒಂದು ತಾತ್ಕಾಲಿಕ ಗೋಡೆ ಆಯಿತು. ಏಳಡಿ ಬಾಡಿ ನಮ್ಮ ಸಾಮಾನಿಗೆ ತಕ್ಕ ಎರಡಡಿ ಬಾಡಿಯಾಯಿತು.

ಹಗ್ಗ ಯಾವುದು, ಗಂಟು ಹೇಗೆ

ಎಲ್ಲ ಹಗ್ಗ ಒಂದೇ ಅಲ್ಲ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಹಳದಿ, ನೀಲಿ ಪ್ಲಾಸ್ಟಿಕ್ ಹಗ್ಗ ನುಣುಪು. ಗಂಟು ಜಾರುತ್ತದೆ. ಬಿಸಿಲಿಗೆ ಬಿಟ್ಟರೆ ಒಂದೆರಡು ವರ್ಷದಲ್ಲಿ ನೂಲು ನೂಲಾಗಿ ಪುಡಿಯಾಗುತ್ತದೆ. ಕೈಯಲ್ಲಿ ಉಜ್ಜಿದಾಗ ಪುಡಿ ಉದುರಿದರೆ ಅದನ್ನು ಬಾಳೆಗೆ ಊರೆ ಕಟ್ಟಲು ಇಟ್ಟುಕೊಳ್ಳಿ, ಲೋಡಿಗೆ ಬೇಡ. ನೈಲಾನ್ ಗಟ್ಟಿ, ಆದರೆ ಎಳೆದರೆ ಹಿಗ್ಗುತ್ತದೆ, ಒದ್ದೆಯಾದರೆ ಇನ್ನೂ ಸಡಿಲುತ್ತದೆ. ಮಳೆಯಲ್ಲಿ ನೈಲಾನ್ ಕಟ್ಟಿದರೆ ದಾರಿಯಲ್ಲಿ ಇಳಿದು ಒಮ್ಮೆ ಮತ್ತೆ ಬಿಗಿಯಲೇಬೇಕು. ತೆಂಗಿನ ನಾರಿನ ಹುರಿಹಗ್ಗ ಒರಟು. ಗಂಟು ಜಾರುವುದಿಲ್ಲ, ಗೋಣಿಯನ್ನು ಕಚ್ಚಿ ಹಿಡಿಯುತ್ತದೆ, ನೀರಿಗೆ ಬೇಗ ಕೊಳೆಯುವುದಿಲ್ಲ. ಬಲ ಕಡಿಮೆ ಎಂಬುದಕ್ಕೆ ದಪ್ಪದ್ದು ತೆಗೆದುಕೊಂಡರಾಯಿತು. ಗೋಣಿ, ಬುಟ್ಟಿಗಳಿಗೆ ಇದು ಧಾರಾಳ ಸಾಕು. ಪಂಪು, ಕಬ್ಬಿಣದ ಸಾಮಾನಿಗೆ ಹೆಬ್ಬೆರಳು ದಪ್ಪದ ನೈಲಾನ್ ಇರಲಿ.

ಹಗ್ಗವನ್ನು ಸಾಮಾನಿನ ಮೇಲಿಂದ ಹಾಯಿಸುವಾಗ ಕೊಕ್ಕೆ ಎಲ್ಲಿ ಉಂಟು ನೋಡಿ. ಹಗ್ಗ ಆದಷ್ಟು ನೇರ ಕೆಳಗೆ ಇಳಿಯಬೇಕು. ಆಗ ಎಳೆದ ಬಲವೆಲ್ಲ ಸಾಮಾನನ್ನು ನೆಲಕ್ಕೆ ಒತ್ತುತ್ತದೆ. ನೆಲದಿಂದ ಬರೀ 30 ಡಿಗ್ರಿ ಓರೆಯಲ್ಲಿ ಹೋದರೆ ಒತ್ತುವ ಬಲ ಅರ್ಧಕ್ಕೆ ಇಳಿಯುತ್ತದೆ. ಗಿಡ್ಡ ಸಾಮಾನನ್ನು ಬಾಡಿಯ ನಡುವೆ ಇಟ್ಟು ಎರಡೂ ಬದಿಗೆ ದೂರಕ್ಕೆ ಹಗ್ಗ ಎಳೆದಾಗ ಆಗುವುದು ಇದೇ. ಅಂಥ ಸಾಮಾನಿಗೆ ಮೇಲಿನಿಂದ ಒತ್ತುವುದಕ್ಕಿಂತ ಸೊಂಟಕ್ಕೆ ಒಂದು ಸುತ್ತು ಹಾಕಿ ನಾಲ್ಕೂ ಮೂಲೆಗೆ ಎಳೆದು ಕಟ್ಟುವುದು ಲೇಸು.

ಬಿಗಿಯುವ ಕ್ರಮ ಹಳೇ ಲಾರಿ ಕ್ಲೀನರುಗಳಿಗೆ ಕರತಲಾಮಲಕ. ಹಗ್ಗದ ಒಂದು ತುದಿಯನ್ನು ಆಚೆ ಬದಿಯ ಕೊಕ್ಕೆಗೆ ಕಟ್ಟಿ. ಸಾಮಾನಿನ ಮೇಲಿಂದ ಈಚೆ ತನ್ನಿ. ಎದೆಮಟ್ಟದಲ್ಲಿ ಹಗ್ಗದಲ್ಲೇ ಒಂದು ಕುಣಿಕೆ ಮಾಡಿ. ಉಳಿದ ಹಗ್ಗವನ್ನು ಈಚೆ ಕೊಕ್ಕೆಯ ಅಡಿಯಿಂದ ಸುತ್ತಿಸಿ ಮೇಲೆ ತಂದು ಆ ಕುಣಿಕೆಯೊಳಗೆ ತೂರಿಸಿ. ಈಗ ಕೆಳಕ್ಕೆ ಎಳೆಯಿರಿ. ಕುಣಿಕೆ ರಾಟೆಯ ಹಾಗೆ ಕೆಲಸ ಮಾಡುತ್ತದೆ. ಬರೀ ಕೈಯಲ್ಲಿ ಎಳೆದದ್ದಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ ಬಿಗಿ ಸಿಗುತ್ತದೆ. ಎಳೆದು ಹಿಡಿದೇ ಕುಣಿಕೆಯ ಕೆಳಗೆ ಎರಡು ಗಂಟು ಹಾಕಿ. ಬಿಚ್ಚಲೂ ಸುಲಭ, ಹಗ್ಗ ಕೊಯ್ಯಬೇಕಾಗಿಲ್ಲ. ಒಂದು ಮಧ್ಯಾಹ್ನ ಅಂಗಳದ ಕಂಬಕ್ಕೆ ಕಟ್ಟಿ ಹತ್ತು ಸಲ ಅಭ್ಯಾಸ ಮಾಡಿದರೆ ಮಕ್ಕಳಿಗೂ ಬರುತ್ತದೆ.

ಗಂಟಿನ ಗೋಜು ಬೇಡ ಅನ್ನುವವರಿಗೆ ಈಗ ರ್‍ಯಾಚೆಟ್ ಬೆಲ್ಟುಗಳು ಪೇಟೆಯಲ್ಲಿ ಸಿಗುತ್ತವೆ. ಹಿಡಿಯನ್ನು ಮೇಲೆ ಕೆಳಗೆ ಆಡಿಸಿದರೆ ಪಟ್ಟಿ ಬಿಗಿಯುತ್ತದೆ. ಪಂಪು, ಯಂತ್ರಕ್ಕೆ ಇದು ಒಳ್ಳೆಯದು. ಬೆಳೆಗೆ ಜೋಪಾನ. ಅತಿಯಾಗಿ ಬಿಗಿದರೆ ಬಾಳೆಗೊನೆ ಜಜ್ಜಿ ಕಪ್ಪಾಗುತ್ತದೆ, ಪ್ಲಾಸ್ಟಿಕ್ ಕ್ರೇಟು ಒಡೆಯುತ್ತದೆ.

ಹಳೇ ಬೈಕಿನ ಟ್ಯೂಬಿನ ಬಗ್ಗೆ ಒಂದು ಎಚ್ಚರಿಕೆ. ಟಾರ್ಪಾಲು ಹಾರದಂತೆ ಹಿಡಿಯಲು, ಖಾಲಿ ಕ್ರೇಟು ಕಟ್ಟಲು ಟ್ಯೂಬಿನ ಪಟ್ಟಿಗೆ ಸಮನಾದದ್ದು ಬೇರೆ ಇಲ್ಲ. ಆದರೆ ಭಾರಕ್ಕೆ ಟ್ಯೂಬು ಬೇಡ. ಬ್ರೇಕಿನಲ್ಲಿ ಅದು ಹಿಗ್ಗುತ್ತದೆ, ಸಾಮಾನು ಹೋಗುವಷ್ಟು ಹೋಗಿಬಿಡುತ್ತದೆ. ತುದಿಗೆ ಕಬ್ಬಿಣದ ಕೊಕ್ಕೆ ಸಿಕ್ಕಿಸಿ ಎಳೆಯುವಾಗ ಕೈತಪ್ಪಿದರೆ ಕೊಕ್ಕೆ ನೇರ ಕಣ್ಣಿಗೆ ಬರುತ್ತದೆ. ಎಳೆಯುವಾಗ ಮುಖ ಬದಿಗೆ ಇರಲಿ.

ಇನ್ನು ಬಲೆ. ಕರಾವಳಿಯಲ್ಲಿ ಹಳೆಯ ಮೀನಿನ ಬಲೆಯನ್ನು ತೋಟದ ಬೇಲಿಗೆ, ಮಂಗ-ನವಿಲಿನ ತಡೆಗೆ ತಂದು ಹಾಕಿದವರು ಬೇಕಾದಷ್ಟು ಮಂದಿ. ಅದರಲ್ಲೇ ಹತ್ತಡಿ ಚೌಕದ ಒಂದು ತುಂಡು ಎತ್ತಿಟ್ಟುಕೊಳ್ಳಿ. ಅಂಚಿಗೆ ಒಂದು ಗಟ್ಟಿ ಹಗ್ಗ ಪೋಣಿಸಿ. ತೆಂಗಿನಕಾಯಿ, ಎಳನೀರು, ಬುಟ್ಟಿ, ಸಣ್ಣಸಣ್ಣ ಸಾಮಾನಿನ ರಾಶಿಗೆ ಹೊದಿಸಿ ಅಂಚಿನ ಹಗ್ಗವನ್ನು ಕೊಕ್ಕೆಗಳಿಗೆ ಬಿಗಿದರೆ ಒಂದು ಕಾಯಿ ಹೊರಗೆ ಹಾರುವುದಿಲ್ಲ. ಹತ್ತು ಬಗೆಯ ಚಿಲ್ಲರೆ ಸಾಮಾನಿಗೆ ಹತ್ತು ಗಂಟು ಹಾಕುವುದಕ್ಕಿಂತ ಒಂದು ಬಲೆ ಮೇಲು.

ಕೆಲವು ತರಲೆ ಸಾಮಾನುಗಳು

ಪಿವಿಸಿ ಪೈಪು ಎಲ್ಲಕ್ಕಿಂತ ಹೆಚ್ಚು ತರಲೆ. ಪೈಪು 20 ಅಡಿ, ಬಾಡಿ ಏಳೋ ಎಂಟೋ ಅಡಿ. ಕ್ಯಾಬಿನ್ನಿನ ಮೇಲೆ ಒಂದು ತುದಿ, ಹಿಂದೆ ಇನ್ನೊಂದು ತುದಿ, ಕೆಂಪು ಬಟ್ಟೆಯ ಚೂರು ಕಟ್ಟಿದರೆ ಮುಗಿಯಿತು ಅಂದುಕೊಳ್ಳುತ್ತೇವೆ. 2019ರ ತಿದ್ದುಪಡಿಯ ನಂತರ ಮೋಟಾರು ಕಾಯ್ದೆಯಲ್ಲಿ, ಬಾಡಿಯಿಂದ ಮಿತಿಮೀರಿ ಹೊರಚಾಚಿದ ಸರಕಿಗೆ ಬರೆದ ದಂಡ 20,000 ರೂಪಾಯಿ. ಓಡಿಸಿದವನಿಗೆ ಮಾತ್ರ ಅಲ್ಲ, ಹಾಗೆ ಓಡಿಸಲು ಹಚ್ಚಿದವನಿಗೂ ಅದು ಅನ್ವಯಿಸುತ್ತದೆ. ಹತ್ತು ಪೈಪಿನ ಬೆಲೆಗಿಂತ ಹೆಚ್ಚು! ದಂಡದ ಮಾತು ಬಿಡಿ, ಇಳಿಜಾರಿನಲ್ಲಿ ಒಳಗಿನ ಪೈಪು ಬಾಣದ ಹಾಗೆ ಜಾರಿ ಹೊರಡುತ್ತದೆ. ಕಟ್ಟಿನ ಹೊರಗಿನ ಪೈಪುಗಳನ್ನು ಮಾತ್ರ ಹಗ್ಗ ಹಿಡಿದಿರುತ್ತದೆ, ನಡುವಿನವು ಸ್ವತಂತ್ರ. ನನ್ನ ಸಲಹೆ ಇಷ್ಟೇ: ನಾಲ್ಕಾರು ಪೈಪು ಮಾತ್ರ ಬೇಕಿದ್ದರೆ ಅಂಗಡಿಯಲ್ಲೇ ಎರಡು ತುಂಡು ಮಾಡಿಸಿ, ಜೋಡಿಸಲು ಕಪ್ಲಿಂಗು ತನ್ನಿ. ಹೆಚ್ಚು ಬೇಕಿದ್ದರೆ ದೊಡ್ಡ ಗಾಡಿಯಲ್ಲಿ ತರಿಸಿ. ಹತ್ತಡಿಯ ತುಂಡುಗಳನ್ನೂ ಮೂರು ಕಡೆ ಕಟ್ಟಿ, ಎರಡೂ ತುದಿಗೆ ಗೋಣಿ ಹೊದಿಸಿ ಬಿಗಿಯಿರಿ. ಆಗ ನಡುವಿನದ್ದೂ ಹೊರಗೆ ಬಾರದು.

ಗ್ಯಾಸ್ ಸಿಲಿಂಡರು ಯಾವತ್ತೂ ನೆಟ್ಟಗೆ, ಕ್ಯಾಬಿನ್ನಿನ ಗೋಡೆಗೆ ತಾಗಿಸಿ, ಸೊಂಟಕ್ಕೆ ಹಗ್ಗ. ಅಡ್ಡ ಮಲಗಿಸಿದ ಸಿಲಿಂಡರು ಉರುಳುವ ಚಕ್ರವೇ ಸರಿ.

ನೀರಿನ ಅಥವಾ ಜೀವಾಮೃತದ ಬ್ಯಾರಲ್ ಸಾಗಿಸುವುದಿದ್ದರೆ ಒಂದೋ ಪೂರ್ತಿ ತುಂಬಿಸಿ, ಇಲ್ಲವಾದರೆ ಪೂರ್ತಿ ಖಾಲಿ ಮಾಡಿ. 200 ಲೀಟರಿನ ಬ್ಯಾರಲಿನಲ್ಲಿ ಅರ್ಧ ನೀರು ಇದ್ದರೆ ಪ್ರತಿ ತಿರುವಿನಲ್ಲೂ ನೂರು ಕಿಲೋ ನೀರು ಆಚೀಚೆ ಗುದ್ದುತ್ತದೆ. ಹಗ್ಗ ಎಷ್ಟೇ ಬಿಗಿ ಇದ್ದರೂ ನಿಧಾನ ಸಡಿಲಿಸುತ್ತದೆ.

ಅಡಿಕೆ, ಕೊಕ್ಕೋ ಸಸಿಗಳಿಗೆ ಜಾರುವುದಕ್ಕಿಂತ ಗಾಳಿಯೇ ಶತ್ರು. ತೊಟ್ಟೆಗಳನ್ನು ಒಂದಕ್ಕೊಂದು ಒತ್ತಿ ನಿಲ್ಲಿಸಿ, ಸಲಾಕೆಯ ಅಡ್ಡಗೋಡೆ ಕಟ್ಟಿ, ಮೇಲಿನಿಂದ ಶೇಡ್‌ನೆಟ್ ಸಡಿಲವಾಗಿ ಹೊದಿಸಿ. ಬರೀ ಮೈಯಲ್ಲಿ 30 ಕಿ.ಮೀ. ಗಾಳಿ ತಿಂದ ಸಸಿ ನೆಟ್ಟ ಮೇಲೆ ಚೇತರಿಸಲು ವಾರಗಟ್ಟಲೆ ತೆಗೆದುಕೊಳ್ಳುತ್ತದೆ.

ಕೀಟನಾಶಕದ ಬಾಟಲಿ, ಕಳೆ ಯಂತ್ರದ ಪೆಟ್ರೋಲು ಕ್ಯಾನು ಒಂದು ಪ್ರತ್ಯೇಕ ಬಕೆಟಿನಲ್ಲಿ ಇರಲಿ. ಬಕೆಟನ್ನೂ ಕಟ್ಟಿ. ಹಿಂಡಿ, ಅಕ್ಕಿ ಚೀಲದ ಮಗ್ಗುಲಿಗೆ ಅದನ್ನು ಇಡುವುದು ಯಾವ ಕಾಲಕ್ಕೂ ಬೇಡ.

'ಡ್ರೈವರಿಗೆ ಗೊತ್ತುಂಟು' ಎಂಬ ಜಾರಿಕೆ

ಇಷ್ಟು ಹೇಳಿದಾಗ ಬರುವ ಉತ್ತರ ಗೊತ್ತೇ ಉಂಟು. 'ಅದೆಲ್ಲ ಡ್ರೈವರ್ ನೋಡಿಕೊಳ್ಳುತ್ತಾನೆ.' ಡ್ರೈವರನ್ನು ಕೇಳಿದರೆ ಅವನದ್ದೂ ಒಂದು ಉತ್ತರ ಉಂಟು: 'ಅಣ್ಣಾ, ನನಗೆ ಬಾಡಿಗೆ ಸಿಗುವುದು ಟ್ರಿಪ್ಪಿಗೆ. ಹತ್ತು ನಿಮಿಷ ಹಗ್ಗ ಕಟ್ಟುತ್ತಾ ನಿಂತರೆ ಇನ್ನೊಂದು ಟ್ರಿಪ್ಪು ತಪ್ಪುತ್ತದೆ. ನೀವೇ ಬೇಗ ಹೊರಡು ಅನ್ನುತ್ತೀರಿ.' ಅವನು ಹೇಳುವುದರಲ್ಲಿ ಸುಳ್ಳಿಲ್ಲ. ಬಾಡಿಗೆಯಲ್ಲಿ ನೂರು ರೂಪಾಯಿಗೆ ಚೌಕಾಸಿ ಮಾಡಿ, ಮಾರ್ಕೆಟಿಗೆ ಬೇಗ ಮುಟ್ಟಿಸು ಅಂತ ಅವಸರ ಮಾಡಿ, ಆಮೇಲೆ ಕಟ್ಟಲಿಲ್ಲ ಅಂತ ದೂರಿದರೆ ಹೇಗೆ?

ಬೆಳೆ ನಮ್ಮದು. ಕೊಯ್ಲಿನ ತನಕ ಅದನ್ನು ಮಂಗನಿಂದ, ಕೊಳೆರೋಗದಿಂದ, ಕಳ್ಳನಿಂದ ಕಾಯುತ್ತೇವೆ. ಕೊನೆಯ ಹದಿನೈದು ಕಿ.ಮೀ. ಮಾತ್ರ ಬೇರೆಯವರ ಹೊಣೆ ಅಂದುಕೊಳ್ಳುತ್ತೇವೆ. ಸಾಗಾಟವೂ ಕೃಷಿಯ ಒಂದು ಕೆಲಸ. ಕೊಯ್ಲಿಗೆ ದಿನ ಇಟ್ಟುಕೊಂಡ ಹಾಗೆ ಕಟ್ಟಲಿಕ್ಕೆ ಹತ್ತು ನಿಮಿಷ ಇಟ್ಟುಕೊಳ್ಳಬೇಕು. ಗಾಡಿ ಬರುವ ಮುಂಚೆಯೇ ಸಾಮಾನು ಒಂದೆಡೆ ಕೂಡಿಸಿ, ಯಾವುದು ಮುಂದೆ, ಯಾವುದು ಹಿಂದೆ ಅಂತ ತೀರ್ಮಾನ ಮಾಡಿಟ್ಟರೆ ಆ ಹತ್ತು ನಿಮಿಷವೂ ಬೇಡ.

ಬಾಡಿಗೆ ಗಾಡಿಗೆ ನಾವು ಬಳೆ, ಕೊಕ್ಕೆ ವೆಲ್ಡು ಮಾಡಿಸಲಾಗದು. ಅದಕ್ಕೇ ಹೇಳುವುದು, ಪ್ರತಿ ಮನೆಯಲ್ಲಿ ಒಂದು ಕಟ್ಟುಚೀಲ ಇರಲಿ ಅಂತ. ಅದರಲ್ಲಿ 30 ಅಡಿಯ ಎರಡು ಹಗ್ಗ, ಒಂದು ಬಲೆ, ಮ್ಯಾಟಿನ ಎರಡು ತುಂಡು, ಟ್ಯೂಬಿನ ನಾಲ್ಕು ಪಟ್ಟಿ, ಕೆಂಪು ಬಟ್ಟೆ. ಪಕ್ಕದಲ್ಲಿ ಸಿಪ್ಪೆ ತುಂಬಿದ ಗೋಣಿ, ಒಂದು ಸಲಾಕೆ. ಜೀಪಿನ ಶೆಡ್ಡಿನಲ್ಲೋ ಅಂಗಳದ ಮೂಲೆಯಲ್ಲೋ ಕೈಗೆ ಸಿಗುವ ಹಾಗೆ ನೇತು ಹಾಕಿ. ಸಾಮಾನಿನ ಜೊತೆ ಹೋಗುತ್ತದೆ, ಅದೇ ಗಾಡಿಯಲ್ಲಿ ಹಿಂದೆ ಬರುತ್ತದೆ. ಬಿಸಿಲಿಗೆ ಮಾತ್ರ ಬಿಡಬೇಡಿ. ಸ್ವಂತ ಪಿಕಪ್ಪು ಇದ್ದವರು ವೆಲ್ಡರನ ಹತ್ತಿರ ಬಾಡಿಯ ಒಳಗೆ ನಾಲ್ಕು ಮೂಲೆಗೆ ನಾಲ್ಕು ಬಳೆ ಹಾಕಿಸಲಿ. ಅರ್ಧ ದಿನದ ಕೆಲಸ, ಗಾಡಿ ಇರುವಷ್ಟು ವರ್ಷ ಉಪಯೋಗ.

ಹೊರಟು ಎರಡು-ಮೂರು ಕಿ.ಮೀ. ಆದ ಮೇಲೆ ಒಮ್ಮೆ ನಿಲ್ಲಿಸಿ ಹಗ್ಗ ಮುಟ್ಟಿ ನೋಡಿ. ಮಣ್ಣು ರಸ್ತೆಯ ಕುಲುಕಾಟಕ್ಕೆ ಗೋಣಿ ಇಳಿದು ಕೂತಿರುತ್ತದೆ, ಹಗ್ಗ ಸಡಿಲಾಗಿರುತ್ತದೆ. ಡಾಮರು ರಸ್ತೆಗೆ ಹತ್ತುವ ಜಾಗದಲ್ಲಿ ಈ ಒಂದು ನಿಮಿಷ ನಿಲ್ಲುವುದು ಅಭ್ಯಾಸವಾಗಬೇಕು.

ಸೊಸೈಟಿಗಳು ಮನಸ್ಸು ಮಾಡಿದರೆ

ಇದು ಒಬ್ಬೊಬ್ಬರೇ ಮಾಡಿ ಮುಗಿಯುವ ಕೆಲಸವಲ್ಲ. ಗೊಬ್ಬರ, ಹಿಂಡಿ, ಪೈಪು ಮಾರುವ ಸಹಕಾರಿ ಸೊಸೈಟಿಗಳು ಲೋಡು ಮಾಡಿಸಿ ಕಳಿಸುವ ಜಾಗ. ಅಲ್ಲಿ ಕಟ್ಟುವ ಹಗ್ಗ ಮತ್ತು ಬಲೆ ಮಾರಾಟಕ್ಕೂ ಇರಲಿ, ಠೇವಣಿ ಕೊಟ್ಟು ಒಂದು ದಿನಕ್ಕೆ ಒಯ್ಯುವ ಹಾಗೂ ಇರಲಿ. ಕಟ್ಟದ ಗಾಡಿ ಗೇಟು ದಾಟಬಾರದು ಅಂತ ಒಂದು ನಿಯಮ ಮಾಡಿದರೆ ಆರು ತಿಂಗಳಲ್ಲಿ ಊರಿಗೇ ಅಭ್ಯಾಸವಾಗುತ್ತದೆ. ಮಹಾಸಭೆಯ ದಿನ ಅರ್ಧ ಗಂಟೆ ಒಬ್ಬ ಹಳೇ ಲಾರಿ ಕ್ಲೀನರನ್ನು ಕರೆಸಿ ಗಂಟು ಹಾಕುವುದನ್ನು ತೋರಿಸಲಿ. ಭಾಷಣಗಳಿಗಿಂತ ಅದಕ್ಕೆ ಹೆಚ್ಚು ಜನ ಸೇರುತ್ತಾರೆ.

ಆಳು ಸಿಗುವುದಿಲ್ಲ ಅಂತ ನಾವೆಲ್ಲ ಹೇಳುತ್ತೇವೆ. ಸಿಕ್ಕಿದ ಒಬ್ಬ ಆಳನ್ನು ನೂರು ರೂಪಾಯಿ ಹಗ್ಗದ ಬದಲಿಗೆ ಗೋಣಿಯ ಮೇಲೆ ಕೂರಿಸುತ್ತೇವೆ. ಇಳಿಸಲಿಕ್ಕೆ ಅವನು ಬೇಕೇ ಬೇಕಾದರೆ ಕ್ಯಾಬಿನ್ನಿನಲ್ಲಿ ಡ್ರೈವರನ ಪಕ್ಕ ಕೂರಲಿ. ಅಲ್ಲಿ ಜಾಗವಿಲ್ಲದಿದ್ದರೆ ಬಸ್ಸಿನಲ್ಲಿ ಬರಲಿ, ಟಿಕೆಟಿನ ದುಡ್ಡು ನಾವು ಕೊಡೋಣ. ಹಿಂದೆ ಬಾಡಿಯಲ್ಲಿ ಸಾಮಾನು ಮಾತ್ರ ಇರಲಿ, ಅದೂ ಕಟ್ಟಿದ ಸಾಮಾನು.